ಕೆಂಪು ಟ್ರೇಯ ಹನ್ನೊಂದು ಸೀಸೆಗಳು

ಸೀಸೆಯನ್ನು ಕುತ್ತಿಗೆಯಲ್ಲಿ ಹಿಡಿಯಬೇಕು. ಹೊಟ್ಟೆಯಲ್ಲಿ ಹಿಡಿದರೆ ಬೆರಳಿನ ಗುರುತು ಗಾಜಿನ ಮೇಲೆ ಕೂರುತ್ತದೆ, ಆಮೇಲೆ ಆ ಗುರುತೇ ಕಸದಂತೆ ಕಾಣುತ್ತದೆ. ಒಮ್ಮೆ ಮೆಲ್ಲಗೆ ತಲೆಕೆಳಗು ಮಾಡಿ, ನೇರ ಮಾಡಿ, ಮಣಿಕಟ್ಟನ್ನು ಮಾತ್ರ ತಿರುಗಿಸಿ ಒಳಗಿನ ಮದ್ದಿಗೆ ಸುಳಿ ಬರಿಸಬೇಕು. ಕುಲುಕಬಾರದು. ಕುಲುಕಿದರೆ ಗುಳ್ಳೆ ಏಳುತ್ತದೆ. ಐದು ಸೆಕೆಂಡು ಬಿಳಿ ಹಲಗೆಯ ಎದುರು, ಐದು ಸೆಕೆಂಡು ಕಪ್ಪು ಹಲಗೆಯ ಎದುರು. ಕಪ್ಪು ಕಸ ಬಿಳಿಯಲ್ಲಿ ಕಾಣುತ್ತದೆ, ಗಾಜಿನ ಚೂರು ಮತ್ತು ನೂಲಿನ ಎಳೆ ಕಪ್ಪಿನಲ್ಲಿ. ಗುಳ್ಳೆಯಾದರೆ ಮೇಲಕ್ಕೆ ಹೋಗುತ್ತದೆ. ಗಾಜು ಮಿನುಗಿ ಕೆಳಕ್ಕೆ ಇಳಿಯುತ್ತದೆ. ನೂಲು ಎಲ್ಲಿಗೂ ಹೋಗುವುದಿಲ್ಲ, ಸುಳಿ ನಿಂತ ಮೇಲೂ ನಡುವಿನಲ್ಲೇ ತೇಲುತ್ತಿರುತ್ತದೆ. ಹತ್ತು ಸೆಕೆಂಡು ಮುಗಿಯುವಾಗ ಕೈ ಯಾವುದಾದರೂ ಒಂದು ಕಡೆಗೆ ಹೋಗಬೇಕು. ಬಲಕ್ಕೆ ಹಸಿರು ಟ್ರೇ, ಅದು ಪಾಸ್. ಎಡಕ್ಕೆ ಕೆಂಪು ಟ್ರೇ, ಅದು ರಿಜೆಕ್ಟ್. ನಡುವೆ ಇಡಲು ಜಾಗವಿಲ್ಲ.

ಈ ಕೆಲಸವನ್ನು ನಾನು ತುರ್ಭೆಯ ಒಂದು ಇಂಜೆಕ್ಷನ್ ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷ ಮಾಡಿದೆ. ನನ್ನ ತಂಗಿ ಏಳು ತಿಂಗಳು ಮಾಡಿದಳು. ಆ ಏಳು ತಿಂಗಳಿನ ಕೊನೆಯ ಕೆಲವು ದಿನಗಳ ಬಗ್ಗೆ ಬರೆಯಲು ಕೂತಿದ್ದೇನೆ. ಕಾರ್ಖಾನೆಯ ಹೆಸರನ್ನೂ ಜನರ ಹೆಸರನ್ನೂ ಬರೆಯುವುದಿಲ್ಲ. ತಪ್ಪು ಅವರದಲ್ಲ.

ತಂಗಿ ನನಗಿಂತ ಹನ್ನೆರಡು ವರ್ಷ ಚಿಕ್ಕವಳು. ಊರು ಉಡುಪಿಯ ಹತ್ತಿರ. ಅಪ್ಪ ತೀರಿದ ಮೇಲೆ ಅವಳನ್ನು ನಾನೇ ಡೊಂಬಿವಲಿಗೆ ಕರೆಸಿಕೊಂಡೆ. ಠಾಣೆಯಿಂದ ವಾಶಿ ಕಡೆಗೆ ಲೋಕಲ್ ಶುರುವಾಗಿ ಕೆಲವು ವರ್ಷಗಳಾಗಿದ್ದವು. ಬೆಳಿಗ್ಗೆ ಐದೂವರೆಗೆ ಡೊಂಬಿವಲಿಯಲ್ಲಿ ಹತ್ತಿ, ಠಾಣೆಯಲ್ಲಿ ಗಾಡಿ ಬದಲಿಸಿ, ಐರೋಲಿ, ಘಣಸೋಲಿ ದಾಟಿ ತುರ್ಭೆಯಲ್ಲಿ ಇಳಿಯುತ್ತಿದ್ದೆವು. ಡೊಂಬಿವಲಿ ಪ್ಲಾಟ್‌ಫಾರ್ಮಿನಲ್ಲಿ ಠಾಕುರ್ಲಿ ಕಡೆಯಿಂದ ಗಾಡಿಯ ದೀಪ ಕಂಡ ಕೂಡಲೇ ಅವಳು, “ಫಾಸ್ಟು ಅಕ್ಕ, ನಡಿ ಆಚೆ,” ಎಂದು ನನ್ನ ಕೈ ಎಳೆಯುತ್ತಿದ್ದಳು. ಕೆಲವೇ ಕಡೆ ನಿಲ್ಲುವ ಫಾಸ್ಟೋ, ಎಲ್ಲ ಕಡೆ ನಿಲ್ಲುವ ಸ್ಲೋವೋ ಎಂದು ಹೇಳುವ, ಗಾಡಿಯ ಹಣೆಯ ಮೇಲಿನ ಅಕ್ಷರ ಅವಳಿಗೆ ಅಷ್ಟು ದೂರದಿಂದ ಕಾಣುತ್ತಿತ್ತು. ನನಗೆ ಅದು ಬರೀ ಬೆಳಕಿನ ಒಂದು ಚುಕ್ಕೆ. ಅವಳು ಒಮ್ಮೆಯೂ ತಪ್ಪಲಿಲ್ಲ.

ತಂಗಿ ಕೆಲಸಕ್ಕೆ ಸೇರಿದಾಗ ಹಳಬರೂ ಮತ್ತೆ ಪಾಠಕ್ಕೆ ಕೂರಬೇಕಿತ್ತು. ಕಲಿಸಿದವರು ಕ್ವಾಲಿಟಿ ವಿಭಾಗದ ಆಫೀಸರ್, ಧಾರವಾಡ ಕಡೆಯವರು, ನನಗಿಂತ ವಯಸ್ಸಿನಲ್ಲಿ ಚಿಕ್ಕವರು. ನಾನು ಏಳನೆಯ ತರಗತಿಯವರೆಗೆ ಓದಿದವಳು. ಬೇರೆಯವರು ಬೋರ್ಡಿನ ಮೇಲೆ ಇಂಗ್ಲಿಷ್ ಬರೆದು ಹೋಗುತ್ತಿದ್ದರು. ಇವರು ನಮ್ಮಿಬ್ಬರನ್ನು ಕಂಡರೆ ಕನ್ನಡದಲ್ಲೇ ಶುರು ಮಾಡುತ್ತಿದ್ದರು.

“ಕಣ್ಣು ಬರೇ ಹೊತಗೊಂಡು ಬರೋದ್ರಿ ಅಕ್ಕಾರ. ತೀರ್ಮಾನ ಆಗೋದು ಒಳಗ, ಮೆದುಳಿನಾಗ. ನಿಮ್ಮ ಚಾಳದಾಗ ನಳ ಐತಲ್ರಿ? ಅದರ ಕೆಳಗ ಎರಡು ಕೊಡ ಇಟ್ಟೀರಿ ಅಂತ ತಿಳ್ಕೋರಿ. ಒಂದು, ಕಸ ಐತಿ ಅನ್ನೋ ಕೊಡ. ಇನ್ನೊಂದು, ಕಸ ಇಲ್ಲ ಅನ್ನೋ ಕೊಡ. ಕಣ್ಣು ಕಂಡಿದ್ದನ್ನ ಹನಿ ಹನಿ ಹಾಕ್ಕೋಂತ ಹೋಗತೈತಿ. ಒಂದೊಂದು ಹನಿ ತಪ್ಪು ಕೊಡಕ್ಕೂ ಬೀಳತೈತಿ. ಯಾವ ಕೊಡ ಮೊದಲ ತುಂಬತೈತಿ, ಕೈ ಆ ಕಡೆ ಹೋಗತೈತಿ. ಅಷ್ಟ.”

“ಅವಸರ ಮಾಡಿದರೆ ಸರ್?” ತಂಗಿ ಕೇಳಿದಳು.

“ಅವಸರ ಅಂದ್ರ ಸಣ್ಣ ಕೊಡ ಇಟ್ಟಂಗ. ಲಗೂನ ತುಂಬತೈತಿ, ತಪ್ಪೂ ಲಗೂನ ಆಗತೈತಿ.”

“ಹೆದರಿಕೆ ಇದ್ದರೆ?”

“ಹೆದರಿಕಿ ಅಂದ್ರ, ನೋಡೂದಕ್ಕ ಮೊದಲ ಒಂದು ಕೊಡದಾಗ ಅರ್ಧ ನೀರು ಸುರಿದಿಟ್ಟಂಗ. ಆಮ್ಯಾಲ ಕಣ್ಣು ಏನ ತಂದ್ರೂ ಅದ ಕೊಡ ಮೊದಲ ತುಂಬತೈತಿ.”

ನಮ್ಮ ಸೂಪರ್‌ವೈಸರ್ ಮರಾಠಿ ಹೆಂಗಸು, ಅಲ್ಲಿನ ರೂಢಿಯಂತೆ ಎಲ್ಲರೂ ಅವರನ್ನು ‘ಬಾಯಿ’ ಎನ್ನುತ್ತಿದ್ದರು, ಕನ್ನಡ ಬಾರದು. ಆಫೀಸರ್ ಮಾಡಿದ ಕೈಸನ್ನೆ ನೋಡಿ ನನ್ನ ಕಿವಿಯಲ್ಲಿ, “ಕಾಯ್ ಗ, ಪಾಣೀ ಆಲಂ ಕಾ?” ಎಂದರು. ನೀರು ಬಂತಾ ಎಂದು. ನಾವಿಬ್ಬರೂ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕೆವು. ಎಂದಿಗೂ ಮರೆಯದ ಪಾಠ ಅದು, ನಗುತ್ತಾ ಕಲಿತದ್ದು.

ಕಲಿತ ಮೇಲೆ ಪರೀಕ್ಷೆ. ಅದಕ್ಕೊಂದು ಸೀಸೆಗಳ ಪೆಟ್ಟಿಗೆ ಇರುತ್ತದೆ. ಅದರಲ್ಲಿ ಒಳ್ಳೆಯ ಸೀಸೆಗಳ ನಡುವೆ ಕಸವಿರುವ ಸೀಸೆಗಳನ್ನು ಬೆರೆಸಿಟ್ಟಿರುತ್ತಾರೆ. ಯಾವುದು ಯಾವುದೆಂದು ತಳದ ನಂಬರಿನಿಂದ ಆಫೀಸರ್‌ಗೆ ಮಾತ್ರ ಗೊತ್ತು. ತಂಗಿ ಕಸದ ಸೀಸೆಗಳನ್ನೆಲ್ಲ ಹಿಡಿದಳು, ಜೊತೆಗೆ ಒಳ್ಳೆಯದೊಂದನ್ನೂ ಕೆಂಪಿಗೆ ಹಾಕಿದ್ದಳು. ಆಫೀಸರ್, “ಇದು ಚಲೋ ಐತಲ್ಲವ್ವಾ,” ಎಂದರು. ಅವಳು, “ಇಲ್ಲ ಸರ್, ಉಂಟು. ಬಿರಡೆಯ ಹತ್ತಿರ, ಕೂದಲಿಗಿಂತ ಸಪೂರದ ಎಳೆ,” ಎಂದಳು. ಭೂತಗನ್ನಡಿ ತಂದು ನೋಡಿದರು. ಇತ್ತು. ಆ ಸೀಸೆ ಮೂರು ವರ್ಷದಿಂದ ಒಳ್ಳೆಯದರ ಸಾಲಿನಲ್ಲಿತ್ತು. ಆರು ತಿಂಗಳಿಗೊಮ್ಮೆ ನಾನೂ ಅದನ್ನು ನೋಡಿ ಹಸಿರಿಗೆ ಹಾಕುತ್ತಾ ಬಂದಿದ್ದೆ.

“ಕಣ್ಣು ಚಲೋ ಇರೋ ಮಂದಿ ಭಾಳ ಅದಾರ,” ಎಂದರು ಆಫೀಸರ್. “ಕಂಡಿದ್ದನ್ನ ಕಂಡಿತು ಅನ್ನಾಕ ಧೈರ್ಯ ಬೇಕು. ಅದು ಈ ಹುಡುಗಿಗೆ ಐತಿ.”

ಎಲ್ಲರೂ ಅವಳ ಬೆನ್ನು ತಟ್ಟಿದರು, ನಾನೂ ತಟ್ಟಿದೆ. ನನ್ನ ತಂಗಿ ಎಂಬ ಹೆಮ್ಮೆ ಇತ್ತು. ಇನ್ನೊಂದು ಇತ್ತು, ಅದಕ್ಕೆ ಆಗ ಹೆಸರು ಕೊಡಲಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಆರು ತಿಂಗಳಿಗೊಮ್ಮೆ ನಮ್ಮ ಕಣ್ಣನ್ನೂ ಪರೀಕ್ಷೆ ಮಾಡುತ್ತಾರೆ. ಗೋಡೆಯ ಚಾರ್ಟು ಒಂದು, ಕೈಯಲ್ಲಿ ಹಿಡಿದು ಓದುವ ಸಣ್ಣ ಅಕ್ಷರದ ಕಾರ್ಡು ಒಂದು. ನನಗೆ ಆಗ ನಲವತ್ತರ ಹತ್ತಿರ. ಕಾರ್ಡಿನ ಕೊನೆಯ ಸಾಲು ಒಂದು ವರ್ಷದಿಂದ ನನಗೆ ಕಾಣುತ್ತಿರಲಿಲ್ಲ. ಕಾರ್ಡು ಹಳೆಯದೇ ಆಗಿದ್ದರಿಂದ ಆ ಸಾಲು ಬಾಯಿಪಾಠವಾಗಿತ್ತು. ನಾನು ಅದನ್ನು ಓದುತ್ತಿರಲಿಲ್ಲ, ಹೇಳುತ್ತಿದ್ದೆ. ಚಷ್ಮಾ ಹಾಕಿಕೊಂಡರೆ ಸಾಕಿತ್ತು, ಯಾರೂ ಕೆಲಸದಿಂದ ತೆಗೆಯುತ್ತಿರಲಿಲ್ಲ. ಆದರೆ ಹಳಬಳಾದ ನನ್ನನ್ನು ಅಲ್ಲಿ ‘ಮೋಠೀ ಬಾಯಿ’, ದೊಡ್ಡಕ್ಕ, ಎನ್ನುತ್ತಿದ್ದರು; ‘ಮೋಠೀ ಬಾಯಿಯ ಕಣ್ಣು ಹೋಯಿತು’ ಎಂದು ಟಿಫಿನ್ ರೂಮಿನಲ್ಲಿ ಮಾತಾಗುವುದು ನನಗೆ ಬೇಡವಾಗಿತ್ತು.

ನಮ್ಮಲ್ಲಿ ತಂಗಿಯಂತಹ ಕಂತ್ರಾಟಿನ ಹೆಂಗಸರಿಗೆ ಏಳು ತಿಂಗಳಾದ ಕೂಡಲೇ ‘ಬ್ರೇಕ್’ ಕೊಡುವುದು ರೂಢಿ. ಕೆಲವು ವಾರ ಮನೆಯಲ್ಲಿ ಕೂರಿಸಿ, ಮತ್ತೆ ಹೊಸಬರಂತೆ ಸೇರಿಸಿಕೊಳ್ಳುತ್ತಾರೆ, ಕೆಲವರನ್ನು ಕರೆಯುವುದೇ ಇಲ್ಲ. ಆ ವರ್ಷ ಇಬ್ಬರನ್ನು ಪರ್ಮನೆಂಟ್ ಮಾಡುವ ಸುದ್ದಿ ಬಂತು. ಸೂಪರ್‌ವೈಸರ್ ಬಾಯಿ ಕಳಿಸುವ ಪಟ್ಟಿಯಲ್ಲಿ ತಂಗಿಯ ಹೆಸರು ಇತ್ತು. ಪರ್ಮನೆಂಟ್ ಆದರೆ ಅವಳು ಯಾರ ಹಂಗಿಲ್ಲದೆ ಈ ಊರಿನಲ್ಲಿ ನಿಲ್ಲುತ್ತಾಳೆ ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದೆ.

ಅಷ್ಟರಲ್ಲಿ ಸ್ವಲ್ಪ ಮಂದವಾದ ಮದ್ದಿನ ಬ್ಯಾಚು ಬಂತು. ಮಂದ ಮದ್ದಿನಲ್ಲಿ ಗುಳ್ಳೆ ಬೇಗ ಮೇಲೇರುವುದಿಲ್ಲ, ಗಾಜಿನಂತೆಯೇ ಮಿನುಗಿ ನಿಲ್ಲುತ್ತದೆ. ಎಲ್ಲರ ಕೆಂಪು ಟ್ರೇಯೂ ಸ್ವಲ್ಪ ತುಂಬಿತು. ತಂಗಿಯದು ಎಲ್ಲರಿಗಿಂತ ಹೆಚ್ಚು. ದೀಪ, ಹಲಗೆಗಳಿರುವ ನಮ್ಮ ಬೂತುಗಳು ಪಕ್ಕಪಕ್ಕದಲ್ಲಿದ್ದವು, ನನ್ನದು ಎಲ್ಲರಿಗಿಂತ ಕಡಿಮೆ. ಮೂರನೆಯ ದಿನ ಸೂಪರ್‌ವೈಸರ್ ಬಾಯಿ ನನ್ನನ್ನು ಕೈತೊಳೆಯುವ ಜಾಗಕ್ಕೆ ಕರೆದರು.

“ತುಝೀ ಬಹೀಣ್ ಸಗಳಂ ಲಾಲ್ ಮಧ್ಯೇ ಟಾಕತೇ,” ಎಂದರು. ನಿನ್ನ ತಂಗಿ ಎಲ್ಲವನ್ನೂ ಕೆಂಪಿಗೆ ಹಾಕುತ್ತಾಳೆ. “ಮೇಲಿನವರು ಕೇಳುತ್ತಿದ್ದಾರೆ. ಹೀಗೇ ಆದರೆ ಅವಳ ಹೆಸರು ಕಳಿಸುವುದು ನನಗೆ ಕಷ್ಟ. ಸಮಝಾವ್ ತಿಲಾ.” ಅವಳಿಗೆ ತಿಳಿಸಿ ಹೇಳು ಎಂದು.

ಆ ಮಧ್ಯಾಹ್ನ ಮನೆಗೆ ಬರುವ ಗಾಡಿಯಲ್ಲಿ ನಾನು ಶುರು ಮಾಡಿದೆ. ಮನೆಯಲ್ಲಿ ನಮ್ಮ ಮಾತು ತುಳು, ಇಲ್ಲಿ ಅದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ನೀನು ಎಂತದಕ್ಕೆ ಅಷ್ಟು ಕೆಂಪಿಗೆ ಹಾಕುವುದು ಮಾರಾಯ್ತಿ?”

“ಕಂಡರೆ ಹಾಕ್ತೇನೆ. ಕಾಣದಿದ್ದರೆ ಇಲ್ಲ.”

“ಯಾರಿಗೂ ಕಾಣದ್ದು ನಿನಗೆ ಮಾತ್ರ ಹೇಗೆ ಕಾಣುವುದು?”

ಅವಳು ನಕ್ಕಳು. “ಅದನ್ನು ಅವರ ಹತ್ರ ಕೇಳಬೇಕು ಅಕ್ಕ, ನನ್ನ ಹತ್ರ ಅಲ್ಲ.”

“ಅನುಮಾನ ಬಂದರೆ ಪಾಸ್ ಮಾಡು. ಗುಳ್ಳೆ ಅದು.”

“ಅನುಮಾನ ಬಂದರೆ ರಿಜೆಕ್ಟ್ ಅಂತಲ್ವಾ ಸರ್ ಹೇಳಿದ್ದು? ನೀನೇ ಕಲಿಸಿದ್ದು ಸಹ ಹಾಗೇ.”

ಹೆಸರು ಪಟ್ಟಿಯಿಂದ ಹೋಗುತ್ತದೆ ಎಂದೆ. ಊರಿನಲ್ಲಿ ಅಮ್ಮ ಕಾಯುತ್ತಿದ್ದಾಳೆ ಎಂದೆ. ಮುಂಬ್ರಾದ ಗುಡ್ಡ ಬರುವ ಹೊತ್ತಿಗೆ ಅವಳ ಮುಖದಲ್ಲಿ ನಗು ಹೋಗಿತ್ತು.

ನಾಲ್ಕೈದು ದಿನ ಹೀಗೆಯೇ ಹೇಳಿದೆ. ಬೆಳಿಗ್ಗೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ಬೂತಿನಲ್ಲಿ ಅವಳ ಕೈ ನಿಧಾನವಾಯಿತು. ಸೀಸೆಯನ್ನು ನನ್ನ ಕಡೆಗೆ ಸ್ವಲ್ಪ ಓರೆ ಮಾಡಿ, ತುಟಿ ಅಲ್ಲಾಡಿಸದೆ, “ಅಕ್ಕ, ಇದು ಗುಳ್ಳೆಯಾ?” ಎನ್ನುತ್ತಿದ್ದಳು. ಪಕ್ಕದವರಿಗೆ ತೋರಿಸುವಂತಿಲ್ಲ ಎಂದು ನಿಯಮ. ಒಬ್ಬರ ಸೀಸೆಗೆ ಒಬ್ಬರೇ ಕಣ್ಣು. ನಾನು ನೋಡದೆಯೇ, “ಗುಳ್ಳೆ,” ಎನ್ನುತ್ತಿದ್ದೆ. ಆಫೀಸರ್ ಹೇಳಿದ ಕೊಡಕ್ಕೆ ಮೊದಲೇ ನೀರು ಸುರಿಯುತ್ತಿದ್ದವಳು ನಾನು. ಗೊತ್ತಿದ್ದೇ ಸುರಿದೆ.

ಅಷ್ಟಾದರೂ ಅವಳು ಪೂರ್ತಿ ಬಗ್ಗಲಿಲ್ಲ. ಖಚಿತವಾಗಿ ಕಂಡದ್ದನ್ನು ಕೆಂಪಿಗೆ ಹಾಕುತ್ತಲೇ ಇದ್ದಳು.

ಪಟ್ಟಿ ಹೋಗಲು ಒಂದೇ ದಿನ ಉಳಿದಿತ್ತು. ಬೆಳಗಿನ ಪಾಳಿ, ಎರಡನೆಯ ಗಂಟೆ. ಒಂದು ಗಂಟೆ ನೋಡಿದ ಮೇಲೆ ಒಬ್ಬೊಬ್ಬರಾಗಿ ಸರದಿಯಲ್ಲಿ ಹತ್ತು ನಿಮಿಷ ಕಣ್ಣಿಗೆ ವಿಶ್ರಾಂತಿ ಕೊಡಬೇಕು. ಅದಕ್ಕಾಗಿ ಬೆಳಕು ಕಡಿಮೆ ಇರುವ ಒಂದು ಕೋಣೆ ಇತ್ತು. ಅಲ್ಲಿ ಕಣ್ಣು ಮುಚ್ಚಿ ಕೂರಬೇಕು. ತಂಗಿ ಎದ್ದು ಹೋದಳು. ಕೆಂಪು ಸೀಸೆಗಳನ್ನು ಗಂಟೆಗೊಮ್ಮೆ ಎಣಿಸಿ, ಕಾರ್ಡಿನಲ್ಲಿ ಬರೆದು, ಬೀಗವಿರುವ ಪೆಟ್ಟಿಗೆಗೆ ಹಾಕುತ್ತಾರೆ. ಅದುವರೆಗೆ ಅವು ಬೂತಿನಲ್ಲೇ ಟ್ರೇಯಲ್ಲಿ ಇರುತ್ತವೆ. ಸೂಪರ್‌ವೈಸರ್ ಬಾಯಿ ಆಚೆ ಸಾಲಿನಿಂದ ಎಣಿಸುತ್ತಾ ಬರುತ್ತಿದ್ದರು. ನಮ್ಮ ಸಾಲಿಗೆ ಬರಲು ಇನ್ನೂ ಐದಾರು ನಿಮಿಷ ಇತ್ತು.

ತಂಗಿಯ ಕೆಂಪು ಟ್ರೇಯಲ್ಲಿ ಹದಿಮೂರು ಸೀಸೆ ಇದ್ದವು.

ನಾನು ಕೈ ಚಾಚಿದೆ. ಒಂದೊಂದನ್ನೇ ತೆಗೆದು ನನ್ನ ದೀಪದ ಕೆಳಗೆ ನೋಡಿ ಅವಳ ಹಸಿರು ಟ್ರೇಗೆ ಇಡುತ್ತಾ ಹೋದೆ. ಈಗಷ್ಟೇ ಇಲ್ಲಿ ‘ನೋಡಿ’ ಎಂದು ಬರೆದೆ. ಹತ್ತು ಸೆಕೆಂಡು ಅಲ್ಲ, ಎರಡು ಸೆಕೆಂಡು. ಏನೂ ಇರಬಾರದು ಎಂದುಕೊಂಡೇ ನೋಡಿದೆ, ಏನೂ ಕಾಣಲಿಲ್ಲ. ಆರನೆಯದೋ ಏಳನೆಯದೋ ಇರಬೇಕು, ಕಪ್ಪು ಹಲಗೆಯ ಎದುರು ಏನೋ ಮಿನುಗಿತು. ಮಿನುಗಿ, ಎಡಕ್ಕೆ ತಿರುಗಿ, ಕೆಳಕ್ಕೆ ಬಿತ್ತು. ಅದು ನನ್ನ ಮನಸ್ಸಿಗೆ ತಲುಪುವ ಹೊತ್ತಿಗೆ ನನ್ನ ಕೈ ಬಲಕ್ಕೆ ಹೋಗಿ ಸೀಸೆಯನ್ನು ಇಟ್ಟಾಗಿತ್ತು. ವಾಪಸು ತೆಗೆಯಬಹುದಿತ್ತು. ಅದು ಯಾವ ಸೀಸೆ ಎಂದು ಆ ಗಳಿಗೆಯಲ್ಲಿ ನನಗೆ ಗೊತ್ತಿತ್ತು. ನಾನು ಗಡಿಯಾರ ನೋಡಿದೆ. ಮುಂದಿನ ಸೀಸೆ ಎತ್ತಿಕೊಂಡೆ.

ಹನ್ನೊಂದು ಆದ ಮೇಲೆ ನಿಲ್ಲಿಸಿದೆ. ಟ್ರೇ ಖಾಲಿಯಾದರೆ ಅನುಮಾನ ಬರುತ್ತದೆ ಎಂದು ಎರಡನ್ನು ಬಿಟ್ಟೆ.

ತಂಗಿ ಬಂದಳು. ಕೂರುವ ಮೊದಲು ಕೆಂಪು ಟ್ರೇ ನೋಡಿದಳು.

“ಅಕ್ಕ, ಇದರಲ್ಲಿ ಜಾಸ್ತಿ ಇತ್ತಲ್ಲ?”

“ಎರಡೇ ಇತ್ತು.”

“ಇಲ್ಲ, ನಾನು...” ಎಂದು ಅವಳು ಒಂದು ಗಳಿಗೆ ನಿಂತಳು. ನಾನು ತಲೆ ಎತ್ತಲಿಲ್ಲ. ಅವಳು ಕೂತಳು. ಬಾಯಿ ಬಂದು ಎಣಿಸಿ, “ದೋನ್. ಶಾಬಾಸ್,” ಎಂದು ಬರೆದುಕೊಂಡು ಹೋದರು.

ಪಾಸ್ ಆದ ಟ್ರೇಗಳಿಂದ ಕ್ವಾಲಿಟಿಯವರು ತಮಗೆ ಬೇಕಾದ ಸೀಸೆಗಳನ್ನು ಎತ್ತಿಕೊಂಡು ಮತ್ತೆ ನೋಡುತ್ತಾರೆ. ಗಾಜಿನ ಚೂರು ಒಂದೇ ಒಂದು ಸಿಕ್ಕರೂ ಬ್ಯಾಚ್ ನಿಲ್ಲುತ್ತದೆ. ಪಾಳಿ ಮುಗಿಯುವ ಮುಂಚೆ ಸಿಕ್ಕಿತು. ಟ್ರೇಯ ಚೀಟಿಯ ಮೇಲೆ ತಂಗಿಯ ನಂಬರ್ ಇತ್ತು.

ಆಫೀಸರ್ ನಮ್ಮಿಬ್ಬರನ್ನೂ ಸೂಪರ್‌ವೈಸರ್ ಬಾಯಿಯನ್ನೂ ತಮ್ಮ ಕೋಣೆಗೆ ಕರೆದರು. ಬೈಯಲಿಲ್ಲ. ಸೀಸೆಯನ್ನು ತಂಗಿಯ ಕೈಗೆ ಕೊಟ್ಟು, “ನೋಡವಾ, ಏನರ ಕಾಣತೈತೇನು?” ಎಂದರು. ಅವಳು ಮೇಜಿನ ದೀಪದ ಹತ್ತಿರ ಹಿಡಿದು ಒಮ್ಮೆ ತಿರುಗಿಸಿದಳು. ಅವಳ ಮುಖ ಬೆಳಗಿದಂತಾಯಿತು.

“ಇದು ನಾನು ಕೆಂಪಿಗೆ ಹಾಕಿದ್ದು ಸರ್. ಮೀನಿನ ಹುರುಪೆಯ ಹಾಗೆ ಉಂಟು, ನೋಡಿ. ಎಡಕ್ಕೆ ತಿರುಗಿ ಬೀಳ್ತದೆ. ನನಗೆ ಸರೀ ನೆನಪುಂಟು.”

“ಕೆಂಪಿಗೆ ಹಾಕಿದ್ದು ಹಸಿರಿನಾಗ ಹೆಂಗ ಬಂತವಾ?”

ಅವಳಿಗೆ ಗೊತ್ತಿರಲಿಲ್ಲ. ಅವಳು ನನ್ನ ಕಡೆ ತಿರುಗಿದಳು. ಆಫೀಸರ್ ಕೂಡ.

“ಅಕ್ಕಾರ, ನೀವು ಬಾಜೂಕ ಕುಂತಿದ್ರಿ. ಯಾರರ ಟ್ರೇ ಮುಟ್ಟಿದ್ರೇನು?”

ಅವರ ದನಿಯಲ್ಲಿ ಗದರಿಕೆ ಇರಲಿಲ್ಲ. ಬಾಗಿಲು ತೆರೆದಿಟ್ಟಂತೆ ಕೇಳಿದರು. ‘ನಾನು’ ಎಂದಿದ್ದರೆ ನನಗೆ ಮೆಮೊ ಸಿಗುತ್ತಿತ್ತು, ಹೆಚ್ಚೆಂದರೆ ಬೂತಿನಿಂದ ತೆಗೆದು ಪ್ಯಾಕಿಂಗಿಗೆ ಹಾಕುತ್ತಿದ್ದರು. ನಾನು ಪರ್ಮನೆಂಟ್ ಇದ್ದವಳು. ಆದರೆ ಆ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ನನಗೆ ಕಾಣುತ್ತಿತ್ತು. ಅವಳ ಕಣ್ಣು ಸರಿ ಎಂದಾದರೆ, ಎಲ್ಲರಿಗಿಂತ ಕಡಿಮೆ ಕೆಂಪು ಹಾಕುವ ನನ್ನ ಕಣ್ಣು? ಇಷ್ಟು ವರ್ಷ ನಾನು ಬಲಕ್ಕೆ ಇಟ್ಟ ಸೀಸೆಗಳು?

“ಇಲ್ಲ ಸರ್,” ಎಂದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. “ಅವಳಿಗೆ ಎರಡು ದಿನದಿಂದ ನಿದ್ರೆ ಸರಿ ಇಲ್ಲ. ಕಂಡ ಹಾಗೆ ಆಗುವುದು, ನೆನಪು ತಪ್ಪುವುದು... ಅವಳಿಗೆ ಚಿಕ್ಕಂದಿನಿಂದ ಸ್ವಲ್ಪ ಹಾಗೆ ಉಂಟು.”

ಹಾಗೇನೂ ಇರಲಿಲ್ಲ. ತಂಗಿ ನನ್ನನ್ನು ನೋಡಿದಳು. ಸಿಟ್ಟು ಇರಲಿಲ್ಲ ಅವಳ ಕಣ್ಣಿನಲ್ಲಿ. ಅವಳು ಆ ಮಾತನ್ನು ನಂಬಲು ಪ್ರಯತ್ನಿಸುತ್ತಿದ್ದಳು.

ಆಫೀಸರ್ ಅವಳಿಗೆ ಇನ್ನೊಂದು ಅವಕಾಶ ಕೊಟ್ಟರು. ಮರುದಿನ ಬೆಳಿಗ್ಗೆ ಅದೇ ಪೆಟ್ಟಿಗೆ, ಅದೇ ಪರೀಕ್ಷೆ. ನಾನು ಗಾಜಿನ ಬಾಗಿಲ ಹೊರಗೆ ನಿಂತಿದ್ದೆ. ಮೊದಲ ಸೀಸೆ ಎತ್ತಿದಳು, ತಿರುಗಿಸಿದಳು, ಬಿಳಿ, ಕಪ್ಪು. ಹತ್ತು ಸೆಕೆಂಡಾಯಿತು. ಇಪ್ಪತ್ತಾಯಿತು. ಮತ್ತೆ ಬಿಳಿ, ಮತ್ತೆ ಕಪ್ಪು. ಕೈ ಎರಡು ಟ್ರೇಗಳ ನಡುವೆ ಗಾಳಿಯಲ್ಲಿ ನಿಂತಿತ್ತು. ಅವಳು ತಿರುಗಿ ಬಾಗಿಲ ಗಾಜಿನಲ್ಲಿ ನನ್ನನ್ನು ಹುಡುಕಿದಳು. ನಾನು ನನ್ನ ಟೊಪ್ಪಿಯ ಲಾಡಿ ಕಟ್ಟಿಕೊಳ್ಳುವವಳಂತೆ ತಲೆ ಬಗ್ಗಿಸಿದೆ.

ಆಫೀಸರ್ ಹೊರಗೆ ಬಂದು ತಮಗೇ ಹೇಳಿಕೊಳ್ಳುವಂತೆ, “ಕೊಡ ತುಂಬವಲ್ದು,” ಎಂದರು. “ಎರಡೂ ಸೋರಾಕತ್ತಾವ. ನಿನ್ನೆತನಕ ಹಿಂಗಿದ್ದಿಲ್ಲ ಈ ಹುಡುಗಿ. ಏನಾತ್ರಿ ಅಕ್ಕಾರ?”

ನನಗೆ ಗೊತ್ತಿಲ್ಲ ಎಂದೆ.

ಅವಳು ಪರೀಕ್ಷೆ ಪೂರ್ತಿ ಮಾಡಲೇ ಇಲ್ಲ. ಪಟ್ಟಿಯಲ್ಲಿ ಬೇರೆ ಹೆಸರು ಹೋಯಿತು. ತಿಂಗಳ ಕೊನೆಗೆ ಅವಳಿಗೆ ಬ್ರೇಕ್ ಕೊಟ್ಟರು, ವಾಪಸು ಕರೆಯಲಿಲ್ಲ. ಗೇಟಿನ ಹತ್ತಿರ ಸೂಪರ್‌ವೈಸರ್ ಬಾಯಿ ಅವಳ ಗಲ್ಲ ಮುಟ್ಟಿ, “ಜಾಊ ದೇ ಗ ಪೋರಿ, ದುಸರೀಕಡೇ ಮಿಳೇಲ್,” ಎಂದರು. ಹೋಗಲಿ ಬಿಡು ಹುಡುಗಿ, ಬೇರೆ ಕಡೆ ಸಿಗುತ್ತದೆ.

ನಿಂತ ಬ್ಯಾಚನ್ನು ಮೂರು ಮಂದಿ ಬೇರೆ ಬೇರೆಯಾಗಿ ಮತ್ತೆ ನೋಡಿದರು. ಅವಳ ನಂಬರಿನ ಆ ಗಂಟೆಯ ಟ್ರೇಯಲ್ಲಿ ಇನ್ನೂ ಮೂರು ಸೀಸೆಗಳಲ್ಲಿ ಗಾಜು ಸಿಕ್ಕಿತು. ಬೇರೆ ಯಾವ ಗಂಟೆಯ ಟ್ರೇಯಲ್ಲೂ ಅವಳದ್ದು ಒಂದೂ ಸಿಗಲಿಲ್ಲ. ಆಫೀಸರ್ ಈ ಕಾಗದವನ್ನು ನನಗೆ ತೋರಿಸಿ, “ವಿಚಿತ್ರ ಐತ್ರಿ,” ಎಂದರು. ನನ್ನ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದರು. ನಾನು ಆಗಲೂ ಹೇಳಲಿಲ್ಲ. ಮರುವರ್ಷ ಅವರು ಕೆಲಸ ಬಿಟ್ಟು ಊರ ಕಡೆ ಹೋದರು.

ಅವಳಿಗೆ ಬೇರೆ ಕೆಲಸ ಸಿಗದೆ ಇರಲಿಲ್ಲ. ಆದರೆ ಬೆಳಿಗ್ಗೆ ಡೊಂಬಿವಲಿ ಪ್ಲಾಟ್‌ಫಾರ್ಮಿನಲ್ಲಿ ದೀಪ ಕಂಡಾಗ ಅವಳು ಮಾತಾಡುತ್ತಿರಲಿಲ್ಲ. “ಫಾಸ್ಟಾ?” ಎಂದು ನಾನೇ ಕೇಳಿದರೆ, “ಗೊತ್ತಾಗುವುದಿಲ್ಲ ಅಕ್ಕ,” ಎನ್ನುತ್ತಿದ್ದಳು. ಗಾಡಿ ಎದುರು ಬಂದು ನಿಂತ ಮೇಲೂ ಪಕ್ಕದವರನ್ನು ಕೇಳಿ ಹತ್ತುತ್ತಿದ್ದಳು. ಎಷ್ಟೋ ಸಲ ಕೇಳುವಷ್ಟರಲ್ಲಿ ಗಾಡಿ ಹೊರಟುಬಿಡುತ್ತಿತ್ತು. ಮುಂದೆ ಅವಳಿಗೆ ಮದುವೆಯಾಯಿತು, ಕಲ್ಯಾಣದಲ್ಲಿ ಉಡುಪಿ ಹೋಟೆಲಿನ ಕ್ಯಾಶ್ ಕೌಂಟರಿನಲ್ಲಿ ಕೂರುವ ಒಳ್ಳೆಯ ಹುಡುಗ. ಫೋನಿನಲ್ಲಿ ಫೋಟೋ ಕಳಿಸುವ ಕಾಲ ಬಂದ ಮೇಲೆ ದಿನಕ್ಕೆ ಒಂದಾದರೂ ಬರುತ್ತಿತ್ತು. ಮಗುವಿನ ಕಣ್ಣು: ‘ಕೆಂಪಾಗಿದೆಯಾ ಅಕ್ಕ?’ ಪಾತ್ರೆಯಲ್ಲಿ ಹಾಲು: ‘ಒಡೆದಿದೆಯಾ?’ ಗ್ಯಾಸಿನ ಗುಬ್ಬಿ: ‘ಇದು ಬಂದ್ ಇದೆ ಅಲ್ವಾ?’ ಗುಬ್ಬಿಯ ಎದುರೇ ನಿಂತು, ಅದನ್ನು ಕೈಯಿಂದ ಮುಟ್ಟಿ, ಫೋಟೋ ತೆಗೆದು, ಡೊಂಬಿವಲಿಯಲ್ಲಿರುವ ನನ್ನನ್ನು ಕೇಳುತ್ತಿದ್ದಳು. ನಾನು ಉತ್ತರ ಕೊಡುತ್ತಿದ್ದೆ. ನನ್ನ ಉತ್ತರ ಬಂದ ಮೇಲೆ ಅವಳು ನಂಬುತ್ತಿದ್ದಳು.

ನನಗೂ ಅದು ಬಿಡಲಿಲ್ಲ. ಕಣ್ಣು ಮುಚ್ಚಿದರೆ ಆ ಚೂರು ಮಿನುಗಿ ಎಡಕ್ಕೆ ತಿರುಗಿ ಬೀಳುತ್ತದೆ, ಕೈ ಬಲಕ್ಕೆ ಹೋಗುತ್ತದೆ. ಕುಡಿಯುವ ನೀರಿನ ಲೋಟವನ್ನು ಕುತ್ತಿಗೆ ಇಲ್ಲದಿದ್ದರೂ ಮೇಲಿನಿಂದ ಹಿಡಿದು ತಿರುಗಿಸುತ್ತೇನೆ. ಗಾಡಿಯ ಕಿಟಕಿಯ ಬಿಸಿಲಿನಲ್ಲಿ ಧೂಳು ತೇಲಿದರೆ ಯಾವುದು ಮೇಲೇರುತ್ತದೆ, ಯಾವುದು ಇಳಿಯುತ್ತದೆ ಎಂದು ನೋಡುತ್ತಾ ಇಳಿಯುವ ಸ್ಟೇಷನ್ ತಪ್ಪಿಸಿಕೊಂಡಿದ್ದೇನೆ. ಆಸ್ಪತ್ರೆಯಲ್ಲಿ ಯಾರಿಗಾದರೂ ಇಂಜೆಕ್ಷನ್ ಕೊಡುವುದನ್ನು ನಿಂತು ನೋಡಲು ನನ್ನಿಂದ ಆಗುವುದಿಲ್ಲ. ಎರಡು ವರ್ಷದ ಮೇಲೆ ಕಣ್ಣಿನ ಪರೀಕ್ಷೆಗೆ ಹೊಸ ಕಾರ್ಡು ಬಂತು. ಕೊನೆಯ ಸಾಲು ನನಗೆ ಬರಲಿಲ್ಲ. ಚಷ್ಮಾ ಹಾಕಿದರೆ ಮುಂದುವರಿಯಬಹುದು ಎಂದರು. ನಾನೇ ಕೇಳಿ ಲೇಬಲ್ ಅಂಟಿಸುವ ಕಡೆಗೆ ಹೋದೆ.

ಈಚೆಗೆ ಒಂದು ಭಾನುವಾರ ಕಲ್ಯಾಣಕ್ಕೆ ಹೋಗಿದ್ದೆ. ನಾನು ಹೋದರೆ ಮಾತ್ರ ಅವಳ ಮನೆಯಲ್ಲಿ ಮೀನು. ಒಬ್ಬಳೇ ಹೋಗಿ ತರಲು ಅವಳಿಗೆ ಧೈರ್ಯವಿಲ್ಲ. ಊರಿನಲ್ಲಿ ದೋಣಿಯಿಂದ ಇಳಿದ ಬುಟ್ಟಿಯ ಒಂದು ಮೂಲೆ ನೋಡಿ ದರ ಹೇಳುತ್ತಿದ್ದ ಹುಡುಗಿ. ಮಾರ್ಕೆಟ್ಟಿನಲ್ಲಿ ಮೀನು ಮಾರುವ ಹೆಂಗಸಿನ ಎದುರು ಕೂತು ಒಂದು ಬಂಗುಡೆ ಎತ್ತಿ ನನ್ನ ಮುಖದ ಹತ್ತಿರ ಹಿಡಿದಳು.

“ನೋಡು ಅಕ್ಕ, ತಾಜಾ ಉಂಟಾ?”

ಚಷ್ಮಾ ಚೀಲದಲ್ಲಿತ್ತು. ತೆಗೆಯದೆಯೇ, “ಉಂಟು,” ಎಂದೆ.

ಪಕ್ಕದವಳು ದೊಡ್ಡದೊಂದು ರಾವಸ್ ಮೀನನ್ನು ಕೆರೆಯುತ್ತಿದ್ದಳು. ಹುರುಪೆಯೊಂದು ಹಾರಿ ತಂಗಿಯ ಮಣಿಕಟ್ಟಿನ ಮೇಲೆ ಕೂತಿತು. ತಗಡಿನ ಸಂದಿಯಿಂದ ಬಿದ್ದ ಬಿಸಿಲಿಗೆ ಮಿನುಗಿತು. ಅವಳು ಕೈ ತಿರುಗಿಸಿದಳು, ಅದು ಎಡಕ್ಕೆ ಸರಿದು ಬಿತ್ತು. ನನ್ನ ಬಾಯಿಂದ ಮಾತು ಬಂದುಬಿಟ್ಟಿತು.

“ಆ ಸೀಸೆ ನೀನು ಕೆಂಪಿಗೆ ಹಾಕಿದ್ದೆ. ತೆಗೆದು ಹಸಿರಿಗೆ ಇಟ್ಟವಳು ನಾನು.”

ಯಾವ ಸೀಸೆ ಎಂದು ಅವಳು ಕೇಳಲಿಲ್ಲ. ಮೀನು ಕೈಯಲ್ಲೇ ಇತ್ತು.

“ನೀನು ಕಣ್ಣು ಮುಚ್ಚಿ ಕೂರಲು ಹೋಗಿದ್ದೆ. ಆಗ. ನಿನ್ನ ಕಣ್ಣು ಸರಿ ಇತ್ತು. ನನ್ನದು ಸರಿ ಇರಲಿಲ್ಲ.”

“ಕಾಯ್ ತಾಯೀ, ಘೇತೇಸ್ ಕಾ?” ಎಂದಳು ಮೀನಿನವಳು. “ಮಾಶಾಲಾ ಪಣ್ ಝೋಪ್ ಆಲೀ.” ತಗೊಳ್ಳುತ್ತೀಯಾ, ಮೀನಿಗೂ ನಿದ್ರೆ ಬಂತು. ಸುತ್ತ ಕೂತವರು ನಕ್ಕರು.

“ಎಷ್ಟು?” ತಂಗಿ ಕೇಳಿದಳು. ನನ್ನನ್ನು.

“ಹನ್ನೊಂದು.”

“ಹದಿಮೂರು ಇತ್ತು.”

“ಎರಡು ಬಿಟ್ಟಿದ್ದೆ.”

“ಹದಿಮೂರು ಇತ್ತು,” ಎಂದು ಅವಳು ಇನ್ನೊಮ್ಮೆ ಹೇಳಿದಳು, ನಿಧಾನವಾಗಿ, ತನ್ನ ಕಿವಿಗೆ ಕೇಳಿಸಿಕೊಳ್ಳುವಂತೆ. “ಎದ್ದು ಹೋಗುವಾಗ ಎಣಿಸಿದ್ದೆ. ನೀನು ಎರಡೇ ಅಂದೆ. ಆಮೇಲೆ ನನಗೆ ಯಾವುದೂ...”

ನಾನು ಕ್ಷಮಿಸು ಎನ್ನಲು ಬಾಯಿ ತೆರೆದೆ. ಅವಳು ಬೇಡವೆಂಬಂತೆ ಕೈ ಅಡ್ಡ ಹಿಡಿದಳು.

ನಂತರ ಅವಳು ಆ ಬಂಗುಡೆಯ ಕಿವಿರನ್ನು ಹೆಬ್ಬೆರಳಿನಿಂದ ಎತ್ತಿ ಒಳಗೆ ನೋಡಿದಳು. ಬೆನ್ನನ್ನು ಒಮ್ಮೆ ಒತ್ತಿದಳು. ಬಹಳ ಹೊತ್ತು ಹಿಡಿಯಿತು.

“ಇದು ನಿನ್ನೆಯದು,” ಎಂದಳು. ನನಗೆ ಹೇಳಿದ್ದಲ್ಲ. ಅದನ್ನು ಎಡಗಡೆಗೆ ಇಟ್ಟು, ರಾಶಿಯ ಹಿಂದಿನ ಸಾಲಿನಿಂದ ಬೇರೆ ಐದನ್ನು ಒಂದೊಂದೇ ಆರಿಸಿ ಮೀನಿನವಳ ಮುಂದೆ ಇಟ್ಟಳು. “ಹೇ ದ್ಯಾ.” ಇವನ್ನು ಕೊಡಿ.

“ಆತ್ತಾ ಕಳಲಂ,” ಎಂದಳು ಮೀನಿನವಳು ತಕ್ಕಡಿ ಎತ್ತುತ್ತಾ. ಈಗ ಗೊತ್ತಾಯಿತು ನೋಡು.

ತಂಗಿ ಚೀಲ ತೆಗೆದುಕೊಂಡು ನನಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದಳು. ರಸ್ತೆಯ ಅಂಚಿನಲ್ಲಿ ನಿಂತಳು. ರಿಕ್ಷಾಗಳು ಬರುತ್ತಿದ್ದವು. ಇಂಥಲ್ಲಿ ಅವಳು ಯಾವಾಗಲೂ ಹಿಂದಕ್ಕೆ ಕೈ ಚಾಚಿ ನನ್ನ ಕೈಗಾಗಿ ತಡವುತ್ತಾಳೆ. ನಾನು ಕೈ ಸಿದ್ಧ ಮಾಡಿಕೊಂಡೇ ಹತ್ತಿರ ಹೋದೆ. ಅವಳು ಬಲಕ್ಕೆ ನೋಡಿದಳು, ಎಡಕ್ಕೆ ನೋಡಿದಳು, ದಾಟಿ ಹೋದಳು. ನಾನು ಈಚೆಯೇ ನಿಂತಿದ್ದೆ.